ಆರಂಭಿಕರ ಆಚಾರ್ಯ ಜಾನ್ ಕೆಮೆನಿ

ವಿದ್ಯಾಮಂದಿರದ ಬಾಗಿಲಿಗೆ ಬಂದವನು ಹೊಸ್ತಿಲಲ್ಲಿಯೇ ಎಡವಿ ಬಿದ್ದರೆ, ಬಿದ್ದವನ ನಡಿಗೆಯನ್ನು ಹಳಿಯುವುದು ಲೋಕರೂಢಿ. ಹೊಸ್ತಿಲೇ ಬೇಕಾದುದಕ್ಕಿಂತ ಎತ್ತರವಾಗಿದೆಯೇ ಎಂದು ಬಗ್ಗಿ ನೋಡುವವರು ವಿರಳ. ಗಣಕಯಂತ್ರದ ವಿದ್ಯೆಯಲ್ಲಿ ಹಾಗೆ ಬಗ್ಗಿ ನೋಡಿ, ಹೊಸ್ತಿಲನ್ನು ತಗ್ಗಿಸಿ, ಲಕ್ಷಾಂತರ ಮಂದಿ ಒಳಗೆ ಬರುವಂತೆ ಮಾಡಿದ ಮಹನೀಯರು ಅಮೆರಿಕದ ಗಣಿತಾಚಾರ್ಯ ಜಾನ್ ಜಾರ್ಜ್ ಕೆಮೆನಿಯವರು. ಬೇಸಿಕ್ ಎಂಬ ಗಣಕಭಾಷೆಯ ಇಬ್ಬರು ನಿರ್ಮಾತೃಗಳಲ್ಲಿ ಒಬ್ಬರೆಂದು ಅವರ ಹೆಸರು ಜಗತ್ತಿಗೆ ಪರಿಚಿತವಾಗಿದೆ. ಆ ಭಾಷೆಯನ್ನು ಹುಟ್ಟಿಸಿದುದು ತರಗತಿಯಲ್ಲಿ ನಿಂತು ಪಾಠ ಹೇಳುವ ಒಬ್ಬ ಅಧ್ಯಾಪಕನ ಕಳಕಳಿ ಎಂಬ ಸಂಗತಿಯು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕೆಮೆನಿಯವರು 1926ನೆಯ ಇಸವಿ ಮೇ 31ರಂದು ಹಂಗೆರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಒಂದು ಯಹೂದಿ ಮನೆತನದಲ್ಲಿ ಜನಿಸಿದರು. ಹಂಗೆರಿಯ ಭಾಷೆಯಲ್ಲಿ ಕೆಮೆನಿ ಎಂಬ ಪದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥಗಳಿವೆ. ಕಠಿಣವಾದುದನ್ನು ಸುಲಭಗೊಳಿಸುವುದೇ ಬಾಳಿನ ಕಾಯಕವಾದವರಿಗೆ ಇಂಥ ಹೆಸರು ಬಂದುದು ಒಂದು ಸೋಜಿಗ. 1938ರಲ್ಲಿ ಹಿಟ್ಲರನ ಜರ್ಮನಿಯು ಆಸ್ಟ್ರಿಯಾ ದೇಶವನ್ನು ನುಂಗಿದಾಗ, ಮುಂದೆ ಒದಗಲಿರುವ ವಿಪತ್ತನ್ನು ಊಹಿಸಿದ ತಂದೆ ಟಿಬೋರ್ ಕೆಮೆನಿಯವರು ಅಮೆರಿಕಕ್ಕೆ ತೆರಳಿದರು. 1940ರಲ್ಲಿ ಹೆಂಡತಿ ಮಕ್ಕಳೂ ನ್ಯೂಯಾರ್ಕ್ ಸೇರಿದರು. ಹುಟ್ಟಿದ ನೆಲವನ್ನು ಬಿಟ್ಟುಬರಲು ಒಪ್ಪದ ಅಜ್ಜನು ಯಹೂದಿಗಳ ಹತ್ಯಾಕಾಂಡಕ್ಕೆ ಬಲಿಯಾದನು. ಹದಿಮೂರು ವರ್ಷದ ಬಾಲಕ ಜಾನ್‌ಗೆ ಅಮೆರಿಕದಲ್ಲಿ ಕಾಲಿಟ್ಟಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಪಾಠ ಕೇಳಿಸಿದರೂ ತಿಳಿಯದ, ತಿಳಿದರೂ ಉತ್ತರಿಸಲು ಮಾತಿಲ್ಲದ ಆ ಸ್ಥಿತಿಯಿಂದ ಆರಂಭಿಸಿದ ಹುಡುಗನು ಮೂರೇ ವರ್ಷಗಳ ತರುವಾಯ ಜಾರ್ಜ್ ವಾಷಿಂಗ್ಟನ್ ಪ್ರೌಢಶಾಲೆಯಿಂದ ತನ್ನ ತರಗತಿಗೆ ಪ್ರಥಮನಾಗಿ ತೇರ್ಗಡೆಯಾದನು.

ಬಳಿಕ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ತತ್ತ್ವಶಾಸ್ತ್ರಗಳ ಅಭ್ಯಾಸ ನಡೆಯುತ್ತಿದ್ದಾಗ, 1945ರಲ್ಲಿ ಸೈನ್ಯದ ಕರೆ ಬಂದು, ಅಣುಬಾಂಬಿನ ಸಂಶೋಧನೆ ನಡೆದಿದ್ದ ಲಾಸ್ ಅಲಾಮೋಸ್‌ಗೆ ಹೋಗಬೇಕಾಯಿತು. ಅಲ್ಲಿನ ಗಣನ ವಿಭಾಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಕೈಕೆಳಗೆ ಅವರು ದುಡಿದರು. ಲೆಕ್ಕಪತ್ರದ ಕಚೇರಿಗಳಿಗೆಂದು ತಯಾರಾದ, ತೂತು ಕೊರೆದ ಕಾರ್ಡುಗಳನ್ನು ಓದುವ ಯಂತ್ರಗಳು ಅಲ್ಲಿದ್ದವು. ಹಗಲಿರುಳು ಪಾಳಿಯ ಮೇಲೆ ಕೆಲಸ ಮಾಡಿದರೂ ಒಂದು ಸಮೀಕರಣದ ಉತ್ತರಕ್ಕೆ ವಾರಗಳು ಹಿಡಿಯುತ್ತಿದ್ದವು. ವಿದ್ಯುನ್ಮಾನ ಗಣಕಯಂತ್ರವು ಹೇಗಿರಬೇಕೆಂಬುದನ್ನು ಕುರಿತು ಜಾನ್ ಫಾನ್ ನಾಯ್ಮನ್ ಅವರು ನೀಡಿದ ಉಪನ್ಯಾಸವನ್ನು ಕೆಮೆನಿಯವರು ಕೇಳಿದುದೂ ಅಲ್ಲಿಯೇ. ತಮ್ಮ ಜೀವಿತಕಾಲದಲ್ಲಿ ಅಂಥ ಯಂತ್ರವನ್ನು ಕಾಣಬಹುದೇ ಎಂಬ ಕುತೂಹಲವು ಅಂದು ಅವರ ಮನಸ್ಸಿನಲ್ಲಿ ಬೇರೂರಿತು.

ಪ್ರಿನ್ಸ್‌ಟನ್‌ಗೆ ಮರಳಿದ ಕೆಮೆನಿಯವರು ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅದೇ ಕಾಲದಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿ ಸೇವೆ ಸಲ್ಲಿಸುವ ಭಾಗ್ಯವೂ ಅವರದಾಯಿತು. 1953ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜಿಗೆ ಗಣಿತ ಪ್ರಾಧ್ಯಾಪಕರಾಗಿ ಬಂದು, ಎರಡೇ ವರ್ಷಗಳಲ್ಲಿ ವಿಭಾಗದ ಮುಖ್ಯಸ್ಥರಾದರು. ಕಾಲೇಜಿನ ಕೆಳತರಗತಿಗಳ ಬೋಧನೆಯು ಹಿರಿಯ ವಿದ್ವಾಂಸರ ಘನತೆಗೆ ತಕ್ಕುದಲ್ಲವೆಂಬ ಭಾವನೆ ಅವರಲ್ಲಿ ಎಂದೂ ಇರಲಿಲ್ಲ. ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗೂ ನಿಲುಕುವಂತೆ ಇಬ್ಬರು ಸಹೋದ್ಯೋಗಿಗಳೊಡನೆ ಅವರು ರಚಿಸಿದ ಸಾಂತ ಗಣಿತದ ಪ್ರವೇಶ ಗ್ರಂಥವು 1957ರಲ್ಲಿ ಪ್ರಕಟವಾಗಿ ಪಠ್ಯಪುಸ್ತಕವಾಗಿ ವ್ಯಾಪಕ ಮನ್ನಣೆ ಪಡೆಯಿತು.

1956ರಲ್ಲಿ ಥಾಮಸ್ ಕರ್ಟ್ಸ್ ಎಂಬ ತರುಣ ಸಂಖ್ಯಾಶಾಸ್ತ್ರಜ್ಞರು ಇದೇ ವಿಭಾಗವನ್ನು ಸೇರಿದರು. ಡಾರ್ಟ್‌ಮತ್‌ನಲ್ಲಿ ಆಗ ಗಣಕಯಂತ್ರವೇ ಇರಲಿಲ್ಲ. ಕಾರ್ಡುಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು, ರೈಲನ್ನೇರಿ, ಸುಮಾರು 200 ಕಿಲೋಮೀಟರ್ ದೂರದ ಕೇಂಬ್ರಿಜ್ ಪಟ್ಟಣದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಕರ್ಟ್ಸ್ ಹೋಗಿಬರುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದ್ದರೂ ಇಡೀ ಲೆಕ್ಕ ಕೆಟ್ಟು, ತಿದ್ದಿದ ಕಾರ್ಡುಗಳನ್ನು ಹೊತ್ತು ಮುಂದಿನ ಪ್ರಯಾಣದವರೆಗೆ ಕಾಯಬೇಕಾಗುತ್ತಿತ್ತು. ಯಂತ್ರದ ಸಮಯ ಅಮೂಲ್ಯ, ಆದುದರಿಂದ ಯಂತ್ರಕ್ಕೆ ಹತ್ತಿರವಾದ ಸಂಕೇತಗಳಲ್ಲಿಯೇ ಬರೆಯಬೇಕೆಂಬುದು ಅಂದಿನ ತಜ್ಞರ ಮತ. ಅದರಂತೆ ನಡೆದ ಕರ್ಟ್ಸ್ ತಿಂಗಳುಗಟ್ಟಲೆ ಹೆಣಗಿ, ಯಂತ್ರದ ಒಂದು ಗಂಟೆಯನ್ನು ವ್ಯಯಿಸಿದರೂ ಉತ್ತರ ಬರಲಿಲ್ಲ. ಅದೇ ಲೆಕ್ಕವನ್ನು ಫೋರ್ಟ್ರಾನ್ ಎಂಬ ಸೂತ್ರಭಾಷೆಯಲ್ಲಿ ಬರೆದಾಗ ಐದು ನಿಮಿಷಗಳ ಯಂತ್ರಕಾಲದಲ್ಲಿ ಉತ್ತರ ಕೈಗೆ ಬಂತು. ಮನುಷ್ಯನಿಗೆ ತಿಳಿಯಾದ ಭಾಷೆಯು ಯಂತ್ರದ ಕಾಲವನ್ನೂ ಉಳಿಸುತ್ತದೆ ಎಂಬ ಪಾಠವನ್ನು ಕೆಮೆನಿ ಮತ್ತು ಕರ್ಟ್ಸ್ ಇಬ್ಬರೂ ಮರೆಯಲಿಲ್ಲ.

ಡಾರ್ಟ್‌ಮತ್‌ನಲ್ಲಿ ವಿಜ್ಞಾನ ವಿಷಯಗಳನ್ನು ಹಿಡಿದವರು ಸುಮಾರು ಕಾಲುಭಾಗ ವಿದ್ಯಾರ್ಥಿಗಳು ಮಾತ್ರ. ಉಳಿದವರು ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿ ಮುಂದೆ ವಾಣಿಜ್ಯದಲ್ಲಿಯೋ ಸರಕಾರದಲ್ಲಿಯೋ ಅಧಿಕಾರದ ಸ್ಥಾನಗಳಿಗೆ ಹೋಗುವವರು. ಗಣಕಯಂತ್ರದ ಬಳಕೆಯನ್ನು ನಿರ್ಧರಿಸುವ ಹೊಣೆ ನಾಳೆ ಬೀಳುವುದು ಇವರ ಹೆಗಲ ಮೇಲೆಯೇ. ಯಂತ್ರವನ್ನು ಮುಟ್ಟಿಯೂ ನೋಡದವರು ಅದರ ಒಡೆಯರಾದರೆ ಸಮಾಜಕ್ಕೆ ಹಿತವೇ ಎಂಬ ಪ್ರಶ್ನೆಯು ಕೆಮೆನಿಯವರನ್ನು ಕಾಡಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ, ಅವನ ವಿಷಯ ಯಾವುದೇ ಇರಲಿ, ತಾನೇ ಒಂದು ಕ್ರಮವಿಧಿಯನ್ನು, ಅಂದರೆ ಬಳಕೆಯ ಮಾತಿನಲ್ಲಿ ಪ್ರೋಗ್ರಾಮನ್ನು, ಬರೆದು ನಡೆಸುವಂತಾಗಬೇಕೆಂದು ಅವರು ಸಂಕಲ್ಪಿಸಿದರು.

ಸಂಕಲ್ಪಕ್ಕೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಯಂತ್ರದ ದೌರ್ಲಭ್ಯ. ಅಂದಿನ ಪದ್ಧತಿಯಲ್ಲಿ ಯಂತ್ರವು ಒಬ್ಬನ ಕೆಲಸವನ್ನು ಪೂರ್ತಿ ಮುಗಿಸಿ ಮತ್ತೊಬ್ಬನದನ್ನು ಕೈಗೆತ್ತಿಕೊಳ್ಳುತ್ತಿತ್ತು. ಸರದಿಯಲ್ಲಿ ಕಾರ್ಡು ಕೊಟ್ಟವನಿಗೆ ಮರುದಿನ ಫಲಿತಾಂಶ. ಜಾನ್ ಮೆಕಾರ್ತಿ ಎಂಬ ವಿಜ್ಞಾನಿಯ ಸಲಹೆಯಂತೆ ಕೆಮೆನಿ ಮತ್ತು ಕರ್ಟ್ಸ್ ಕಾಲವಿಭಜನೆಯ ವಿಧಾನವನ್ನು ಆಯ್ದುಕೊಂಡರು. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಒಬ್ಬನ ಊಟ ಮುಗಿಯುವವರೆಗೆ ಅವನೆದುರಿಗೇ ನಿಲ್ಲುವುದಿಲ್ಲ. ಪ್ರತಿಯೊಬ್ಬರ ಎಲೆಗೂ ಒಂದಿಷ್ಟು ಬಡಿಸುತ್ತ ಸಾಗಿ, ಮತ್ತೆ ಮೊದಲಿನವನ ಬಳಿಗೆ ಬರುತ್ತಾನೆ. ಹಾಗೆಯೇ ಒಂದು ಯಂತ್ರವು ಅನೇಕರ ಕೆಲಸಗಳನ್ನು ಕ್ಷಣಕ್ಷಣದ ಪಾಲಿನಲ್ಲಿ ಮಾಡುತ್ತ ಹೋದರೆ, ಯಂತ್ರ ತನ್ನೊಬ್ಬನದೇ ಎಂದು ಪ್ರತಿಯೊಬ್ಬನಿಗೂ ತೋರುತ್ತದೆ. ಈ ಯೋಜನೆಗೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಕೋರಿದಾಗ, ಪದವಿಯನ್ನೂ ಪಡೆಯದ ವಿದ್ಯಾರ್ಥಿಗಳಿಂದ ಇಂಥ ಕಾರ್ಯ ಸಾಧ್ಯವೇ ಎಂಬ ಸಂದೇಹ ಪರಿಶೀಲಕರಲ್ಲಿ ಮೂಡಿತು. ಕೆಮೆನಿಯವರು ತಮ್ಮ ವಿದ್ಯಾರ್ಥಿಗಳನ್ನು ನಂಬಿದರು. 1964ರ ಫೆಬ್ರವರಿಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯಂತ್ರಗಳು ಬಂದಿಳಿದವು. ತರುಣ ವಿದ್ಯಾರ್ಥಿಗಳು ಹಗಲು ರಾತ್ರಿಗಳನ್ನು ಒಂದು ಮಾಡಿ ದುಡಿದರು. ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಯ ಸಮಯಕ್ಕೆ ಎರಡು ಟೆಲಿಟೈಪ್ ಯಂತ್ರಗಳಿಂದ ಏಕಕಾಲದಲ್ಲಿ ಕೊಟ್ಟ ಕ್ರಮವಿಧಿಗಳೆರಡೂ ನಡೆದು, ಸರಿಯಾದ ಉತ್ತರಗಳನ್ನು ಅಚ್ಚಿಸಿದವು.

ಎರಡನೆಯ ಅಡ್ಡಿ ಭಾಷೆಯದು. ಫೋರ್ಟ್ರಾನ್ ಯಂತ್ರಸಂಕೇತಕ್ಕಿಂತ ಸುಲಭವಾದರೂ ಆರಂಭಿಕನ ಕಾಲಿಗೆ ತೊಡರುವ ಮುಳ್ಳುಗಳು ಅದರಲ್ಲಿ ಹಲವಿದ್ದವು. ಒಂದು ಕ್ರಿಯೆಯನ್ನು ಹಲವು ಸಲ ಮಾಡಿಸಬೇಕಾದರೆ ಅಲ್ಪವಿರಾಮಗಳ ನಡುವೆ ಮೂರು ಸಂಖ್ಯೆಗಳನ್ನು ಬರೆಯಬೇಕಿತ್ತು. ಮೊದಲಾವುದು, ಕೊನೆಯಾವುದು, ನಡುವಿನ ಹೆಜ್ಜೆಯ ಅಳತೆ ಯಾವುದು ಎಂಬುದು ಬರವಣಿಗೆಯನ್ನು ನೋಡಿದರೆ ತಿಳಿಯುತ್ತಿರಲಿಲ್ಲ. ಅದನ್ನು ಬಾಯಿಪಾಠ ಮಾಡಬೇಕಿತ್ತು. ಪೂರ್ಣಾಂಕಗಳಿಗೂ ದಶಮಾಂಶ ಸಂಖ್ಯೆಗಳಿಗೂ ಬೇರೆಬೇರೆ ಜಾತಿ. ಚರಪದದ ಹೆಸರಿನ ಮೊದಲಕ್ಷರವೇ ಆ ಜಾತಿಯನ್ನು ನಿರ್ಧರಿಸುತ್ತಿತ್ತು. ಇದನ್ನರಿಯದ ವಿದ್ಯಾರ್ಥಿಯು ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧದ ಬದಲು ಸೊನ್ನೆಯನ್ನು ಪಡೆಯುತ್ತಿದ್ದನು. ಲೆಕ್ಕ ಸರಿ, ಉತ್ತರ ತಪ್ಪು. ಎಲ್ಲಿ ಎಡವಿದೆನೆಂದು ತಿಳಿಯದೆ ಅವನು ಗಣಿತದಲ್ಲಿಯೇ ತಾನು ದಡ್ಡನೆಂದು ಭಾವಿಸಿ ಹಿಂದೆ ಸರಿಯುತ್ತಿದ್ದನು.

ಈ ಮುಳ್ಳುಗಳನ್ನು ಕಿತ್ತು ನಿರ್ಮಿಸಿದ ಭಾಷೆಯೇ ಬೇಸಿಕ್. ಆರಂಭಿಕರ ಸರ್ವೋಪಯೋಗಿ ಸಾಂಕೇತಿಕ ಸೂಚನಾ ಸಂಹಿತೆ ಎಂಬುದು ಆ ಹೆಸರಿನ ವಿಸ್ತರಣೆ. ಹೆಸರಿನ ಮೊದಲ ಪದವೇ ಆರಂಭಿಕನನ್ನು ಕುರಿತದ್ದು. ಇದಕ್ಕೆ ಹಿಂದೆ ಕೆಮೆನಿಯವರು 1962ರಲ್ಲಿ ಒಬ್ಬ ವಿದ್ಯಾರ್ಥಿಯೊಡನೆ ಇನ್ನೊಂದು ಸರಳ ಭಾಷೆಯನ್ನು ರಚಿಸಿ ಪರೀಕ್ಷಿಸಿದ್ದರು. ಅದು ತೃಪ್ತಿಕರವಾಗಲಿಲ್ಲ. ಆ ಅನುಭವದ ಮೇಲೆ ನಿಂತ ಬೇಸಿಕ್‌ನ ಮೊದಲ ಅನುವಾದಕ ಕ್ರಮವಿಧಿಯನ್ನು ಬರೆಯುವ ಕಾರ್ಯವನ್ನು ಅವರು 1963ರ ಬೇಸಿಗೆಯಲ್ಲಿ ತಾವೇ ಕೈಗೆತ್ತಿಕೊಂಡರು. ಹೊಸ ಭಾಷೆಯಲ್ಲಿ ಆರಂಭ, ಅಂತ್ಯ, ಹೆಜ್ಜೆಗಳನ್ನು ಫಾರ್, ಟು, ಸ್ಟೆಪ್ ಎಂಬ ದಿನಬಳಕೆಯ ಇಂಗ್ಲಿಷ್ ಮಾತುಗಳೇ ಸೂಚಿಸುತ್ತಿದ್ದವು. ಸಂಖ್ಯೆಗಳಲ್ಲಿ ಜಾತಿಭೇದವಿರಲಿಲ್ಲ. ಎಲ್ಲವೂ ಸಂಖ್ಯೆಗಳೇ. ಎಕ್ಸ್ ಎಂಬುದು ಎಕ್ಸ್ ಮತ್ತು ಒಂದರ ಮೊತ್ತಕ್ಕೆ ಸಮ ಎಂಬ ಬರವಣಿಗೆಯು ಬೀಜಗಣಿತ ಓದಿದವನಿಗೆ ಅಸಂಬದ್ಧವಾಗಿ ಕಾಣುತ್ತದಷ್ಟೆ. ಅದರ ಮೊದಲಿಗೆ ಲೆಟ್ ಎಂಬ ಪದವನ್ನಿಟ್ಟು, ಇದು ಸಮೀಕರಣವಲ್ಲ, ಹಳೆಯ ಬೆಲೆಗೆ ಒಂದನ್ನು ಕೂಡಿಸಿ ಅದೇ ಹೆಸರಿನಲ್ಲಿ ಇಡು ಎಂಬ ಆಜ್ಞೆ, ಎಂಬುದನ್ನು ಸ್ಪಷ್ಟಗೊಳಿಸಲಾಯಿತು. ಪ್ರತಿ ಸಾಲಿಗೂ ಒಂದು ಸಂಖ್ಯೆ ಇದ್ದುದರಿಂದ ಅದೇ ಸಂಖ್ಯೆಯ ಹೊಸ ಸಾಲನ್ನು ಒತ್ತಿದರೆ ಹಳೆಯದು ತಾನಾಗಿ ತಿದ್ದಿಹೋಗುತ್ತಿತ್ತು. ಕೆಲಸ ಆರಂಭಿಸಲು ಹಲೋ, ನಡೆಸಲು ರನ್, ಕಾದಿಡಲು ಸೇವ್ ಎಂಬ ಮಾತುಗಳು ಸಾಕಾಗಿದ್ದವು. ಎರಡು ಮೂರು ಉಪನ್ಯಾಸಗಳನ್ನು ಕೇಳಿದ ವಿದ್ಯಾರ್ಥಿಯು ಟೆಲಿಟೈಪ್‌ನ ಮುಂದೆ ಕುಳಿತು ಸ್ವತಂತ್ರವಾಗಿ ಕೆಲಸ ಮಾಡಬಲ್ಲವನಾಗುತ್ತಿದ್ದನು.

ಇವೆಲ್ಲಕ್ಕಿಂತ ಹಿರಿದಾದುದು ತಪ್ಪಿನ ಬಗೆಗೆ ಕೆಮೆನಿ ಮತ್ತು ಕರ್ಟ್ಸ್ ತಳೆದ ನಿಲುವು. ಆರಂಭಿಕನು ತಪ್ಪು ಮಾಡಿಯೇ ಮಾಡುತ್ತಾನೆ. ಆದುದರಿಂದ ತಪ್ಪನ್ನು ತಿಳಿಸುವ ಯಂತ್ರದ ಮಾತು ಸ್ಪಷ್ಟವಾಗಿಯೂ ಸ್ನೇಹಪರವಾಗಿಯೂ ಇರಬೇಕು, ಮತ್ತು ಆ ಮಾತು ಆಗಲೇ ಕೈಸೇರಬೇಕು ಎಂಬುದನ್ನು ಅವರು ಭಾಷಾರಚನೆಯ ಮೂಲತತ್ತ್ವಗಳಲ್ಲಿ ಸೇರಿಸಿದರು. ಅನ್ಯತ್ರ ಕ್ರಮವಿಧಿ ಕೆಟ್ಟಾಗ ಹಾಳೆಗಟ್ಟಲೆ ಅಂಕಿಗಳ ರಾಶಿ ಹೊರಬರುತ್ತಿದ್ದ ಕಾಲವದು. ಬೇಸಿಕ್ ಮಾತ್ರ, ಪುನರಾವರ್ತನೆಯನ್ನು ಆರಂಭಿಸಿ ಮುಗಿಸಿಲ್ಲವೆಂದೋ, ಮುಕ್ತಾಯದ ಸಾಲು ಇಲ್ಲವೆಂದೋ ಎರಡು ಮೂರು ಪದಗಳಲ್ಲಿ ತಿಳಿಸುತ್ತಿತ್ತು. ನಿನ್ನೆಯ ತಪ್ಪಿಗೆ ಇಂದು ಸಿಗುವ ಉತ್ತರದಿಂದ ಕಲಿಕೆ ಕುಂಟುತ್ತದೆ. ಬರೆದಾಗಲೇ ತಿದ್ದುವ ಗುರುವಿನ ಎದುರಿಗೆ ಮರಳಿನ ಮೇಲೆ ಅಕ್ಷರ ತೀಡಿದವರಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೌಕರ್ಯಕ್ಕೆ ಕೆಮೆನಿಯವರು ವಿದ್ಯಾರ್ಥಿಗಳಿಂದ ಬೆಲೆ ಕೇಳಲಿಲ್ಲ. ಪುಸ್ತಕಭಂಡಾರದ ಕಪಾಟಿನಿಂದ ಯಾವ ವಿದ್ಯಾರ್ಥಿಯಾದರೂ ಶುಲ್ಕವಿಲ್ಲದೆ, ಕಾರಣ ಹೇಳದೆ ಪುಸ್ತಕ ತೆಗೆದು ಓದುವಂತೆ ಗಣಕಯಂತ್ರವೂ ಸಿಗಬೇಕೆಂಬುದು ಅವರ ನಿಯಮ. 1966ರಲ್ಲಿ ಆರಂಭವಾದ ಕೀವಿಟ್ ಗಣನ ಕೇಂದ್ರವು ಇದೇ ನಿಯಮದ ಮೇಲೆ ನಡೆಯಿತು. ಭಾಷೆಯ ಅನುವಾದಕವನ್ನೂ ಬೆಲೆ ಕೇಳದೆ ಹಂಚಲಾಯಿತು. ಇದು ಜ್ಞಾನದಾಸೋಹವೆಂಬ ಮಾತಿಗೆ ತಕ್ಕ ನಡೆ. ಅದರ ಫಲವಾಗಿ ಬೇಸಿಕ್ ಭಾಷೆಯು ಖಂಡಾಂತರಗಳನ್ನು ದಾಟಿತು. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಎಂಬ ತರುಣರು ಆಲ್ಟೇರ್ ಎಂಬ ಸಣ್ಣ ಗಣಕಯಂತ್ರಕ್ಕೆ ಬೇಸಿಕ್ಕನ್ನು ಅಳವಡಿಸಿ ತಮ್ಮ ಉದ್ಯಮಕ್ಕೆ ಅಡಿಗಲ್ಲು ಹಾಕಿದರು. ಮುಂದೆ ಮನೆಮನೆಗೆ ಬಂದ ಅಗ್ಗದ ಯಂತ್ರಗಳಲ್ಲಿ ಬೇಸಿಕ್ ಅಂತರ್ಗತವಾಗಿಯೇ ಇರುತ್ತಿತ್ತು. 1984ರಲ್ಲಿ ಭಾರತ ಸರಕಾರವು ಶಾಲೆಗಳಿಗೆ ಗಣಕ ಪರಿಚಯದ ಯೋಜನೆಯನ್ನು ಆರಂಭಿಸಿ ಬಿಬಿಸಿ ಮೈಕ್ರೋ ಯಂತ್ರಗಳನ್ನು ಒದಗಿಸಿದಾಗ, ನಮ್ಮ ದೇಶದ ಆ ಪೀಳಿಗೆಯ ವಿದ್ಯಾರ್ಥಿಗಳು ಗಣಕಯಂತ್ರಕ್ಕೆ ಮೊದಲು ನೀಡಿದ ಆಜ್ಞೆಗಳೂ ಬೇಸಿಕ್ ಭಾಷೆಯವೇ. 1991ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಷುವಲ್ ಬೇಸಿಕ್ ಬಂದಾಗ, ಕಿಟಕಿ, ಗುಂಡಿಗಳಿಂದ ಕೂಡಿದ ಮೇಜುಗಣಕದ ಕ್ರಮವಿಧಿಗಳನ್ನು ರಚಿಸುವುದು ಸಾಮಾನ್ಯರಿಗೂ ಸಾಧ್ಯವಾಯಿತು.

ಹರಡಿದ ಭಾಷೆಗೆ ದೂಷಣೆಯೂ ಬಂತು. ಬೇಸಿಕ್‌ನಿಂದ ಆರಂಭಿಸಿದವರ ಬುದ್ಧಿ ಕೆಟ್ಟು, ಒಳ್ಳೆಯ ಕ್ರಮವಿಧಿ ರಚನೆಯನ್ನು ಅವರಿಗೆ ಕಲಿಸುವುದೇ ಅಸಾಧ್ಯವೆಂದು ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಕಟುವಾಗಿ ಬರೆದರು. ಗೋಟು ಎಂಬ ಆಜ್ಞೆಯಿಂದ ಮನಬಂದಲ್ಲಿಗೆ ಹಾರುತ್ತ ಬರೆದ ಕ್ರಮವಿಧಿಗಳು ಸಿಕ್ಕುಬಿದ್ದ ನೂಲಿನಂತಾಗುತ್ತಿದ್ದುದು ನಿಜ. ಡಾರ್ಟ್‌ಮತ್‌ನಲ್ಲಿ ಭಾಷೆಯು ಕಾಲಕಾಲಕ್ಕೆ ತಿದ್ದಿಕೊಂಡು, ಸುವ್ಯವಸ್ಥಿತ ರಚನೆಯ ಕಡೆಗೆ ಸಾಗಿತ್ತು. ಹೊರಗೆ ಸಣ್ಣ ಯಂತ್ರಗಳಿಗೆಂದು ಕತ್ತರಿಸಿ ಹೊಂದಿಸಿದ ಬಗೆಬಗೆಯ ಬೇಸಿಕ್‌ಗಳು ಹಳೆಯ ದೋಷಗಳನ್ನೇ ಉಳಿಸಿಕೊಂಡಿದ್ದವು. ಇದರಿಂದ ನೊಂದ ಕೆಮೆನಿ ಮತ್ತು ಕರ್ಟ್ಸ್ 1983ರಲ್ಲಿ ಟ್ರೂ ಬೇಸಿಕ್ ಎಂಬ ಪರಿಷ್ಕೃತ ರೂಪವನ್ನು ಹೊರತರಲು ಸಂಸ್ಥೆಯೊಂದನ್ನು ಕಟ್ಟಿದರು. ಅದು ಮೊದಲಿನದರಷ್ಟು ಜನಪ್ರಿಯವಾಗಲಿಲ್ಲ. ಆದರೂ ತಮ್ಮ ಕೃತಿಯ ಕೊರತೆಯನ್ನು ಸಮರ್ಥಿಸದೆ ತಿದ್ದಲು ಹೊರಟ ಹಿರಿತನ ಅವರದು.

1970ರಲ್ಲಿ ಕೆಮೆನಿಯವರು ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾಗಿ ಚುನಾಯಿತರಾಗಿ, 1981ರವರೆಗೆ ಆ ಹೊಣೆಯನ್ನು ಹೊತ್ತರು. 1769ರಲ್ಲಿ ಸ್ಥಾಪಿತವಾಗಿ ಎರಡು ಶತಮಾನಗಳ ಕಾಲ ಗಂಡಸರಿಗಷ್ಟೇ ಮೀಸಲಾಗಿದ್ದ ಆ ಕಾಲೇಜು 1972ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುದು ಅವರ ಆಡಳಿತದಲ್ಲಿ. ಅಮೆರಿಕದ ಮೂಲನಿವಾಸಿ ಜನಾಂಗದ ತರುಣರಿಗೆ ಶಿಕ್ಷಣ ನೀಡುವುದು ಕಾಲೇಜಿನ ಸ್ಥಾಪನೆಯ ಉದ್ದೇಶಗಳಲ್ಲೊಂದು. ಬಹುಕಾಲ ಕಡತದಲ್ಲಿ ಮಲಗಿದ್ದ ಆ ವಾಗ್ದಾನವನ್ನು ಅವರು ಮತ್ತೆ ಎಚ್ಚರಿಸಿದರು. ಆಡಳಿತದ ಭಾರ ಎಷ್ಟೇ ಇದ್ದರೂ ಪಾಠ ಹೇಳುವುದನ್ನು ಮಾತ್ರ ಅವರು ಬಿಡಲಿಲ್ಲ. ಅಧ್ಯಕ್ಷಪೀಠದಿಂದ ಎದ್ದು ಸೀಮೆಸುಣ್ಣ ಹಿಡಿದು ತರಗತಿಗೆ ಹೋಗುವುದು ಅವರ ಪಾಲಿಗೆ ಪದವಿಯ ಇಳಿಕೆಯಾಗಿರಲಿಲ್ಲ.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾ ಪ್ರಾಂತದ ಥ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಕೇಂದ್ರದಲ್ಲಿ ಭೀಕರ ಅಪಘಾತ ಸಂಭವಿಸಿತು. ಅದರ ವಿಚಾರಣೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಆಯೋಗಕ್ಕೆ ಕೆಮೆನಿಯವರೇ ಮುಖ್ಯಸ್ಥರಾದರು. ಅಕ್ಟೋಬರ್ ತಿಂಗಳಿನಲ್ಲಿ ವರದಿ ಸಿದ್ಧವಾಯಿತು. ಅಪಘಾತದ ಮೊದಲ ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆ ದೀಪಗಳು ಒಮ್ಮೆಗೇ ಎದ್ದಿದ್ದವು. ಮುಖ್ಯವಾವುದು, ಅಮುಖ್ಯವಾವುದು ಎಂದು ವಿಂಗಡಿಸುವ ಉಪಾಯವಿರಲಿಲ್ಲ. ತೆರೆದೇ ಉಳಿದಿದ್ದ ಒಂದು ಕವಾಟವು ಮುಚ್ಚಿದೆಯೆಂದು ನಿರ್ವಾಹಕರು ತಿಳಿದರು. ಏಕೆಂದರೆ ಅಲ್ಲಿನ ದೀಪವು ಮುಚ್ಚುವ ಆಜ್ಞೆ ಹೋದುದನ್ನಷ್ಟೇ ಹೇಳುತ್ತಿತ್ತು. ಕವಾಟವು ನಿಜವಾಗಿ ಮುಚ್ಚಿತೇ ಎಂಬುದನ್ನು ಹೇಳುತ್ತಿರಲಿಲ್ಲ. ಹೀಗೆ ದಾರಿ ತಪ್ಪಿದ ನಿರ್ವಾಹಕರು ಯಂತ್ರವನ್ನು ತಂಪಾಗಿಡಬೇಕಾದ ನೀರನ್ನೇ ತಗ್ಗಿಸಿದರು. ನಿರ್ವಾಹಕರ ತಲೆಗೆ ಅಪರಾಧ ಕಟ್ಟಿ ಕಡತ ಮುಚ್ಚುವುದು ಸುಲಭವಾಗಿತ್ತು. ಆಯೋಗವು ಹಾಗೆ ಮಾಡದೆ, ಅವರಿಗೆ ದೊರೆತ ತರಬೇತಿ, ಅವರ ಕೈಗಿತ್ತ ಕಾರ್ಯವಿಧಾನ, ಅವರೆದುರಿನ ಫಲಕಗಳ ರಚನೆ, ಮೇಲ್ವಿಚಾರಣೆಯ ಸಂಸ್ಥೆಗಳ ಧೋರಣೆ ಇವೆಲ್ಲವನ್ನೂ ಪರೀಕ್ಷಿಸಿ ದೋಷಗಳನ್ನು ಎತ್ತಿ ತೋರಿಸಿತು. ಹದಿನೈದು ವರ್ಷಗಳ ಹಿಂದೆ ಟೆಲಿಟೈಪ್‌ನ ಮುಂದೆ ಕುಳಿತ ವಿದ್ಯಾರ್ಥಿಯ ತಪ್ಪನ್ನು ಯಾವ ಕಣ್ಣಿನಿಂದ ನೋಡಲಾಗಿತ್ತೋ ಅದೇ ಕಣ್ಣು ಇಲ್ಲಿಯೂ ಕೆಲಸ ಮಾಡಿತೆಂದು ಹೇಳಬಹುದು. ಅಲ್ಲಿ ಕೆಟ್ಟುದು ಒಂದು ಲೆಕ್ಕ, ಇಲ್ಲಿ ಅಪಾಯಕ್ಕೆ ಸಿಲುಕಿದುದು ಒಂದು ಪ್ರದೇಶದ ಜನಜೀವನ. ಯಂತ್ರವು ಮನುಷ್ಯನಿಗೆ ಅರ್ಥವಾಗುವಂತೆ ಮಾತನಾಡದಿದ್ದರೆ ಒದಗುವ ಹಾನಿಯ ಬಗೆ ಮಾತ್ರ ಒಂದೇ.

ಕೆಮೆನಿಯವರು 1992ರ ಡಿಸೆಂಬರ್ 26ರಂದು, ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ನಿಧನರಾದರು. ಅವರ ಸಹಯೋಗಿ ಕರ್ಟ್ಸ್ ದೀರ್ಘಾಯುಷಿಗಳಾಗಿ ಬಾಳಿ 2024ರ ನವೆಂಬರ್‌ನಲ್ಲಿ ತೀರಿಕೊಂಡರು. 2019ರಲ್ಲಿ ಹ್ಯಾನೋವರ್‌ನ ರಸ್ತೆಯ ಬದಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತ ಸರಕಾರವು ಬೇಸಿಕ್ ಭಾಷೆಯ ಸ್ಮಾರಕ ಫಲಕವನ್ನು ನಿಲ್ಲಿಸಿತು.

ಇಂದಿನ ವಿದ್ಯಾರ್ಥಿಯು ಮೇಜಿನ ಮೇಲಿನ ಗಣಕಕ್ಕೂ ಅಂತರ್ಜಾಲದ ಪುಟಗಳಿಗೂ ಬೇರೆ ಬೇರೆ ಭಾಷೆಗಳಲ್ಲಿ ಕ್ರಮವಿಧಿ ಬರೆಯುತ್ತಾನೆ. ಎಡವುವ ಸ್ಥಳಗಳು ಹಳೆಯವೇ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ, ಪುಟದ ಚೌಕದೊಳಗೆ ತುಂಬಿದ ಐದು ಮತ್ತು ಮೂರನ್ನು ಹಾಗೆಯೇ ಕೂಡಿಸಿದರೆ ಎಂಟಾಗದೆ ಐವತ್ತಮೂರಾಗುತ್ತದೆ. ಚೌಕದಿಂದ ಬಂದುದನ್ನು ಯಂತ್ರವು ಸಂಖ್ಯೆಯೆಂದು ಬಗೆಯದೆ ಅಕ್ಷರವೆಂದು ಬಗೆದು ಒಂದರ ಪಕ್ಕ ಒಂದನ್ನು ಜೋಡಿಸುವುದೇ ಕಾರಣ. ಅಂದು ಅರ್ಧವನ್ನು ಸೊನ್ನೆಯಾಗಿಸಿದ ಜಾತಿಭೇದವೇ ಇಂದು ಮತ್ತೊಂದು ವೇಷದಲ್ಲಿ ಬಂದಿದೆ. ಅಕ್ಷರವನ್ನು ಮೊದಲು ಸಂಖ್ಯೆಯಾಗಿ ಮಾರ್ಪಡಿಸಿ ಬಳಿಕ ಕೂಡಿಸಿದರೆ ತೊಡಕು ಕಳೆಯುತ್ತದೆ. ಪುಟದ ಅರ್ಧ ಕೆಲಸ ನೋಡುವವನ ಗಣಕದಲ್ಲಿ, ಇನ್ನರ್ಧ ದೂರದ ಯಂತ್ರದಲ್ಲಿ ನಡೆಯುವುದರಿಂದ, ತಪ್ಪು ಯಾವ ಕಡೆಯದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕಾದ ಕಷ್ಟವೊಂದು ಹೊಸದಾಗಿ ಸೇರಿದೆ. ಪರಿಹಾರದ ಮಾರ್ಗವಾದರೂ ಡಾರ್ಟ್‌ಮತ್‌ನದೇ: ಸ್ವಲ್ಪ ಬರೆಯುವುದು, ಬರೆದೊಡನೆ ನಡೆಸಿ ನೋಡುವುದು, ಯಂತ್ರದ ಮಾತನ್ನು ಹೆದರದೆ ಓದುವುದು, ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದುವುದು.

ಹನ್ನೆರಡನೆಯ ಶತಮಾನದ ಶರಣರು ಅನುಭಾವದ ಅತ್ಯುನ್ನತ ವಿಚಾರಗಳನ್ನು ಜನರ ಆಡುಮಾತಿಗೆ ಇಳಿಸಿದಾಗ ವಿಚಾರದ ಎತ್ತರ ಕುಗ್ಗಲಿಲ್ಲ, ಏರಬಲ್ಲವರ ಸಂಖ್ಯೆ ಹೆಚ್ಚಿತು. ಬೇರೊಂದು ನಾಡಿನಲ್ಲಿ, ಬೇರೊಂದು ವಿದ್ಯೆಯಲ್ಲಿ ಕೆಮೆನಿಯವರು ತೋರಿದುದೂ ಇದೇ ಬಗೆಯ ವಿಶ್ವಾಸ. ತರಗತಿಯ ಕೊನೆಯ ಬೆಂಚಿನಲ್ಲಿ ತಪ್ಪು ಉತ್ತರ ಬರೆದು ತಲೆತಗ್ಗಿಸಿ ಕುಳಿತ ಮಗುವನ್ನು ಗದರುವ ಮುನ್ನ, ಪಾಠ ಹೇಳಿದ ಮಾತನ್ನೊಮ್ಮೆ ಪರೀಕ್ಷಿಸಿಕೊಳ್ಳುವ ಅಧ್ಯಾಪಕನು ಎಲ್ಲಿದ್ದರೂ ಅವರ ಪರಂಪರೆಗೆ ಸೇರಿದವನು.